ಬಾಯಿಯ ಹದ: ಸಣ್ಣ ತಳಿಯ ಮರಿಗೆ ಕಚ್ಚದಿರಲು ಕಲಿಸುವ ಬಗೆ

(ಹೊಸದಾಗಿ ನಾಯಿಮರಿ ತಂದವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಲ್ಯಾಬ್ರಡಾರ್ ಮರಿ ಮನೆಗೆ ಬಂದ ನೆಂಟರ ಕೈಗೆ ಬಾಯಿ ಹಾಕಿದರೆ ಮನೆಯವರು ಮರುದಿನವೇ ಟ್ರೈನರ್ ನಂಬರ್ ಹುಡುಕುತ್ತಾರೆ. ಅದೇ ಕೆಲಸವನ್ನು ಪೊಮೇರಿಯನ್ ಮರಿ ಮಾಡಿದರೆ ಎಲ್ಲರೂ ನಗುತ್ತಾರೆ, ಯಾರೋ ಒಬ್ಬರು ಫೋನ್ ತೆಗೆದು ವಿಡಿಯೋ ಮಾಡುತ್ತಾರೆ. ಅಂಗೈಯಲ್ಲಿ ಹಿಡಿಸುವಷ್ಟು ಮರಿ ಗುರ್ ಅನ್ನುವುದು ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಎರಡು ವರ್ಷದ ಮೇಲೆ ಅದೇ ನಾಯಿ ಬಾಗಿಲಿಗೆ ಬಂದ ಹಾಲಿನವನ ಹಿಮ್ಮಡಿ ಹಿಡಿದಾಗ ‘ಇದ್ದಕ್ಕಿದ್ದಂತೆ ಹೀಗೆ ಮಾಡಿಬಿಡ್ತು’ ಎನ್ನುತ್ತೇವೆ. ಎರಡು ವರ್ಷ ಅದು ಅಭ್ಯಾಸ ಮಾಡಿದೆ, ನಾವು ಚಪ್ಪಾಳೆ ತಟ್ಟಿದ್ದೇವೆ.

ಸಣ್ಣ ತಳಿ ಅಂದಾಗ ನನ್ನ ಮನಸ್ಸಿನಲ್ಲಿರುವುದು ಪೊಮೇರಿಯನ್, ಶಿಟ್ಜು, ಪಗ್, ಡ್ಯಾಶ್‌ಹುಂಡ್, ಚಿವಾವಾ, ಜೊತೆಗೆ ನಮ್ಮ ಊರುಗಳಲ್ಲಿ ಪೊಮೇರಿಯನ್ ಎಂಬ ಹೆಸರಿನಲ್ಲೇ ಓಡಾಡಿಕೊಂಡಿರುವ ಇಂಡಿಯನ್ ಸ್ಪಿಟ್ಜ್. ನೀವು ಪೊಮೇರಿಯನ್ ಎಂದು ತಂದ ಬಿಳಿ ಮರಿ ಒಂದು ವರ್ಷಕ್ಕೆ ಆರೇಳು ಕಿಲೋ ತೂಗಿದರೆ ಅದು ಬಹುತೇಕ ಸ್ಪಿಟ್ಜ್. ಅದರಿಂದ ಬೇಸರವೇನೂ ಬೇಡ, ನಮ್ಮ ಸೆಖೆಗೆ ಅದೇ ಹೊಂದುವ ನಾಯಿ. ಕಚ್ಚುವ ವಿಷಯದಲ್ಲಿ ಇವುಗಳ ಪಾಠ ಒಂದೇ.

ಮೊದಲು ಬಾಯಿಯೊಳಗೆ ಏನಿದೆ ನೋಡೋಣ. ಮರಿಗೆ ಮೂರನೆಯ ವಾರದ ಹೊತ್ತಿಗೆ ಹಾಲುಹಲ್ಲು ಮೊಳೆಯಲು ಶುರುವಾಗಿ, ಎರಡು ತಿಂಗಳಷ್ಟರಲ್ಲಿ 28 ಹಲ್ಲು ತುಂಬಿಕೊಳ್ಳುತ್ತವೆ. ಅಗಿಯುವ ದೊಡ್ಡ ದವಡೆ ಹಲ್ಲು ಈ ಸೆಟ್ಟಿನಲ್ಲಿ ಇರುವುದೇ ಇಲ್ಲ. ಇರುವುದೆಲ್ಲ ಸೂಜಿಮೊನೆ. ದವಡೆಯಲ್ಲಿ ಶಕ್ತಿ ಕಡಿಮೆ, ಹಲ್ಲಿನಲ್ಲಿ ಮೊನೆ ಜಾಸ್ತಿ. ಯಾಕೆ ಹೀಗೆ ಎಂದರೆ, ಒಡಹುಟ್ಟಿದ ಮರಿಗಳು ಒಂದನ್ನೊಂದು ಕಚ್ಚಿ ಆಡುವಾಗ ನೋವಾಗಬೇಕು, ಆದರೆ ಗಾಯ ದೊಡ್ಡದಾಗಬಾರದು. ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಹಾಲು ಕುಡಿಯುವಾಗ ಹಲ್ಲು ತಾಗಿದರೆ ತಾಯಿ ಎದ್ದು ನಡೆದುಬಿಡುತ್ತದೆ. ‘ಇಷ್ಟು ಒತ್ತಿದರೆ ಆಟ ನಿಲ್ಲುತ್ತದೆ, ಇಷ್ಟಾದರೆ ನಡೆಯುತ್ತದೆ’ ಎಂಬ ಲೆಕ್ಕ ಹೀಗೆ ಮರಿಗೆ ಸಿಗುತ್ತದೆ. ದೋಸೆ ಹಿಟ್ಟಿಗೆ ಹದ ಇರುವಂತೆ ಬಾಯಿಗೂ ಒಂದು ಹದ ಇದೆ. ಆ ಹದ ಮುಖ್ಯವಾಗಿ ಬರುವುದು ನಾಲ್ಕನೆಯ ವಾರದಿಂದ ಎಂಟನೆಯ ವಾರದವರೆಗಿನ ಗುದ್ದಾಟದಲ್ಲಿ.

ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮ ಹೇಳುತ್ತದೆ. ಆದರೂ 30, 35 ದಿನದ ಮರಿ ‘ಅನ್ನ ತಿನ್ನುತ್ತೆ, ತಗೊಂಡು ಹೋಗಿ’ ಎಂದು ಕೈ ಬದಲಾಗುತ್ತಿರುತ್ತದೆ. ಸಣ್ಣದಿದ್ದಷ್ಟೂ ಮುದ್ದು, ಮುದ್ದಿದ್ದಷ್ಟೂ ಬೆಲೆ. ಹೀಗೆ ಬಂದ ಮರಿಗೆ ಬಾಯಿಯ ಹದ ಕಲಿಸುವ ಶಾಲೆ ಅರ್ಧಕ್ಕೇ ಮುಚ್ಚಿರುತ್ತದೆ. ಉಳಿದ ಪಾಠ ನಿಮ್ಮ ಕೈಯಲ್ಲಿ, ಅಕ್ಷರಶಃ ಕೈಯಲ್ಲಿ. ಮರಿ ಇನ್ನೂ ತಂದಿಲ್ಲದವರು ಯಾರಾದರೂ ಇದ್ದರೆ, ಎಂಟು ವಾರ ತಾಯಿಯ ಬಳಿಯೇ ಬಿಡಿ ಎಂದು ಕೇಳಿ. ಮಾರುವವರು ಒಪ್ಪದಿದ್ದರೆ ಬೇರೆ ಕಡೆ ನೋಡಿ.

ಈಗ ಕಲಿಸುವ ಕ್ರಮ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಬ್ರಿಟಿಷ್ ಪಶುವೈದ್ಯ ಇಯಾನ್ ಡನ್‌ಬಾರ್ 1980ರ ದಶಕದಿಂದ ಜನಪ್ರಿಯಗೊಳಿಸಿದ ಒಂದು ಸೂತ್ರವನ್ನು ಇಂದಿಗೂ ಬಹಳ ತರಬೇತುದಾರರು ಅನುಸರಿಸುತ್ತಾರೆ: ಮೊದಲು ಕಚ್ಚುವ ಬಲ ತಗ್ಗಿಸಿ, ಆಮೇಲೆ ಕಚ್ಚುವುದನ್ನು ನಿಲ್ಲಿಸಿ. ಮನೆಯವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಮೊದಲ ದಿನದಿಂದಲೇ ಬಾಯಿ ಹಾಕಲೇಬಾರದು ಎಂದರೆ ಸುಲಭವಲ್ಲವೇ? ಸುಲಭ ಇರಬಹುದು. ಆದರೆ ಮೆಲ್ಲಗೆ ಹಿಡಿಯುವುದು ಗೊತ್ತಿಲ್ಲದ ನಾಯಿ ಮುಂದೊಂದು ದಿನ ಬಾಲ ಬಾಗಿಲಿಗೆ ಸಿಕ್ಕಿ ನೋವಿನಲ್ಲಿ ಬಾಯಿ ಹಾಕಿದಾಗ, ಅದಕ್ಕೆ ಗೊತ್ತಿರುವುದು ಪೂರ್ತಿ ಬಲದ ಕಚ್ಚು ಒಂದೇ. ಹದ ಕಲಿತ ನಾಯಿ ಅದೇ ನೋವಿನಲ್ಲೂ ಹಲ್ಲು ತಾಗಿಸಿ ಬಿಡುವ ಸಾಧ್ಯತೆ ಹೆಚ್ಚು.

ಎಂಟರಿಂದ ಹನ್ನೆರಡು ವಾರದ ನಡುವೆ ದಿನಕ್ಕೆ ನಾಲ್ಕೈದು ಸಲ, ಪ್ರತಿ ಸಲ ಎರಡು ಮೂರು ನಿಮಿಷ ಸಾಕು. ನೆಲದ ಮೇಲೆ ಕುಳಿತುಕೊಳ್ಳಿ. ಸೋಫಾ ಮೇಲೆ ಬೇಡ, ಮರಿ ಜಾರಿದರೆ ಮುಂಗಾಲು ಮುರಿಯಬಹುದು. ಕೈಯನ್ನು ಮರಿಯ ಕತ್ತಿನ ಪಕ್ಕ, ಎದೆಯ ಪಕ್ಕ ನಿಧಾನವಾಗಿ ಆಡಿಸಿ. ಮುಖದ ಮುಂದೆ ಬೆರಳು ಕುಣಿಸಬೇಡಿ, ಅದು ಕಚ್ಚು ಎಂದು ಕರೆದಂತೆ. ಮೆಲ್ಲಗೆ ಬಾಯಿ ಹಾಕಿದರೆ ಸುಮ್ಮನಿರಿ. ನೋವಾಗುವ ಕಚ್ಚು ಬಿತ್ತೋ, ಮಾಮೂಲಿ ದನಿಯಲ್ಲಿ ‘ಸಾಕು’ ಎನ್ನಿ, ಕೈಯನ್ನು ಸತ್ತ ಮೀನಿನಂತೆ ಸಡಿಲ ಬಿಡಿ. ಎಳೆದುಕೊಳ್ಳಬೇಡಿ. ಎಲ್ಲರೂ ತಪ್ಪುವುದು ಇಲ್ಲೇ. ಓಡುವ ವಸ್ತುವನ್ನು ಹಿಡಿಯುವುದು ನಾಯಿಯ ಹುಟ್ಟುಗುಣ, ಕೈ ಎಳೆದರೆ ಅದು ಓಡುವ ಇಲಿಯಾಗುತ್ತದೆ. ಮೇಲಾಗಿ, ಹಲ್ಲಿನ ಮೊನೆ ಒಳಗಿರುವಾಗ ಎಳೆದರೆ ಚುಕ್ಕೆಯಷ್ಟು ಗಾಯ ಗೀರಾಗುತ್ತದೆ. ಮರಿ ಬಾಯಿ ಸಡಿಲಿಸಿದ ಮೇಲೆ ಮೈ ತಿರುಗಿಸಿ ಹತ್ತರಿಂದ ಹದಿನೈದು ಸೆಕೆಂಡು ಗೋಡೆ ನೋಡಿ. ಮತ್ತೆ ಆಟ. ಎರಡು ನಿಮಿಷದಲ್ಲಿ ಮೂರು ಸಲ ಹೀಗಾದರೆ ಆ ಆಟ ಮುಗಿಯಿತು, ಎದ್ದು ಕೋಣೆಯ ಬಾಗಿಲಿಗೆ ಹಾಕಿದ ಮಕ್ಕಳ ಗೇಟಿನ ಆಚೆ ಹೋಗಿ ಅರ್ಧ ನಿಮಿಷ ನಿಲ್ಲಿ.

ನೀವು ಹೋಗಬೇಕು, ಮರಿಯನ್ನು ಎತ್ತಿ ಹಾಕಬಾರದು. ಈ ವ್ಯತ್ಯಾಸ ಸಣ್ಣ ತಳಿಗೆ ಬಹಳ ಮುಖ್ಯ. ಲ್ಯಾಬ್ ಮರಿಯನ್ನು ಪದೇ ಪದೇ ಎತ್ತಲು ಯಾರಿಗೂ ಆಗುವುದಿಲ್ಲ, ಆದ್ದರಿಂದ ಎದ್ದು ಹೋಗುತ್ತಾರೆ. ಪೊಮೇರಿಯನ್ ಮರಿ ಒಂದು ಕಿಲೋ ತೂಗಿದರೆ ಹೆಚ್ಚು, ಬಾಳೆಹಣ್ಣಿನ ಚಿಪ್ಪಿನಂತೆ ಎತ್ತಿ ಆಚೆ ಇಡುತ್ತಾರೆ. ಕೆಲವು ಮರಿಗೆ ಎತ್ತುವುದೇ ಬಹುಮಾನ. ಕಚ್ಚಿದರೆ ಎತ್ತುತ್ತಾರೆ ಎಂದು ಅದು ಕಲಿಯುತ್ತದೆ. ಉಳಿದವಕ್ಕೆ ಎತ್ತುವುದೇ ಭಯ. ಕೈ ಬಂತೆಂದರೆ ಕಚ್ಚಬೇಕು ಎಂದು ಅವು ಕಲಿಯುತ್ತವೆ. ಎರಡೂ ಬೇಡ. ಬಾಗಿಲಿಗೆ ಮಕ್ಕಳ ಗೇಟ್ ಹಾಕಲಾಗದ ಸಣ್ಣ ಫ್ಲಾಟಿನಲ್ಲಿ ಮರಿಗೆ ಹಾರ್ನೆಸ್, ಅಂದರೆ ಎದೆಯ ಸುತ್ತ ಬರುವ ಪಟ್ಟಿ, ತೊಡಿಸಿ, ಒಂದೂವರೆ ಮೀಟರಿನ ಹಗುರ ದಾರವನ್ನು ಭಾರದ ಮೇಜಿನ ಕಾಲಿಗೆ ಕಟ್ಟಿ. ಆಟ ಕೆಟ್ಟರೆ ನೀವು ಎರಡು ಹೆಜ್ಜೆ ಹಿಂದೆ ಸರಿದರೆ ಸಾಕು. ದಾರ ಕಟ್ಟಿ ಮರಿಯನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ, ಸುತ್ತಿಕೊಳ್ಳುತ್ತದೆ. ಕತ್ತಿನ ಬೆಲ್ಟಿಗಂತೂ ಕಟ್ಟಲೇಬೇಡಿ. ಪೊಮೇರಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್‌ಗಳಿಗೆ ಶ್ವಾಸನಾಳ ಕುಸಿಯುವ ತೊಂದರೆ ಇರುವುದು ಸಾಮಾನ್ಯ. ಬೆಲ್ಟ್ ಜಗ್ಗಿದಷ್ಟೂ ಅದು ಹೆಚ್ಚು.

ವಾರ ಕಳೆದಂತೆ ನಿಮ್ಮ ಗೆರೆಯನ್ನು ಮೇಲೆತ್ತಿ. ಮೊದಲ ವಾರ ಅತಿ ಜೋರಾದ ಕಚ್ಚಿಗೆ ಮಾತ್ರ ‘ಸಾಕು’. ಎರಡನೆಯ ವಾರ ಮಧ್ಯಮ ಒತ್ತಿಗೂ ‘ಸಾಕು’. ಮೂರನೆಯ ವಾರ ಸ್ವಲ್ಪ ಒತ್ತಿದರೂ ‘ಸಾಕು’, ಆಟ ನಿಲ್ಲುತ್ತದೆ. ಹದಿಮೂರು ಹದಿನಾಲ್ಕು ವಾರದ ಹೊತ್ತಿಗೆ ಬರೀ ಹಲ್ಲು ತಾಗಿದರೂ ಆಟ ನಿಲ್ಲುವ ಹಂತಕ್ಕೆ ಬರಬೇಕು. ನಾಲ್ಕೂವರೆ ತಿಂಗಳಿಗೆ ಚರ್ಮದ ಮೇಲೆ ಹಲ್ಲು ಇರಬಾರದು. ಈ ಪ್ರಗತಿ ಗೆರೆ ಎಳೆದಂತೆ ನೇರವಾಗಿ ಹೋಗುವುದಿಲ್ಲ. ಮೂರೂವರೆ ತಿಂಗಳಿಂದ ಹಾಲುಹಲ್ಲು ಬೀಳತೊಡಗಿ ವಸಡು ನವೆಯುತ್ತದೆ, ಕಲಿತದ್ದೆಲ್ಲ ಮರೆತಂತೆ ಆಡುತ್ತದೆ. ಗಾಬರಿ ಬೇಡ, ಅದೇ ಪಾಠ ಮುಂದುವರಿಸಿ.

ಇನ್ನೊಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ. ಪಾಠ ಶುರುಮಾಡಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ಕಚ್ಚುವುದು ಜಾಸ್ತಿಯಾಗಬಹುದು. ಇಷ್ಟು ದಿನ ಕಚ್ಚಿದರೆ ಕೈ ಕುಣಿಯುತ್ತಿತ್ತು, ಈಗ ಕುಣಿಯುತ್ತಿಲ್ಲ, ಇನ್ನಷ್ಟು ಜೋರಾಗಿ ಕಚ್ಚಿ ನೋಡೋಣ ಎಂಬ ಪರೀಕ್ಷೆ ಅದು. ಸ್ವಿಚ್ ಹಾಕಿದಾಗ ದೀಪ ಹತ್ತದಿದ್ದರೆ ನಾವೂ ನಾಲ್ಕು ಸಲ ಟಕಟಕ ಒತ್ತುತ್ತೇವಲ್ಲ, ಹಾಗೆ. ಹೆಚ್ಚಿನವರು ಇದೇ ದಿನ ‘ಈ ವಿಧಾನ ಕೆಲಸ ಮಾಡಲ್ಲ’ ಎಂದು ಕೈಬಿಡುತ್ತಾರೆ. ಕೈಬಿಟ್ಟರೆ ಮರಿ ಕಲಿಯುವುದು ಒಂದನ್ನೇ: ಸಾಕಷ್ಟು ಜೋರಾಗಿ ಕಚ್ಚಿದರೆ ಕೊನೆಗೆ ಗೆಲ್ಲಬಹುದು.

ಬರೀ ನಿಲ್ಲಿಸುವುದನ್ನು ಕಲಿಸಿದರೆ ಸಾಲದು, ಬಾಯಿ ತಡೆದರೆ ಏನು ಸಿಗುತ್ತದೆ ಎಂಬುದನ್ನೂ ಕಲಿಸಬೇಕು. ಇದಕ್ಕೆ ಮುಷ್ಟಿಯ ಪಾಠ ಇದೆ. ಒಣ ಆಹಾರದ ಒಂದು ಕಾಳನ್ನು ಮುಷ್ಟಿಯಲ್ಲಿ ಹಿಡಿದು ಮರಿಯ ಮೂಗಿನ ಮಟ್ಟಕ್ಕೆ ಇಡಿ. ಅದು ನೆಕ್ಕುತ್ತದೆ, ಹಲ್ಲು ಹಾಕುತ್ತದೆ, ಕಾಲಿನಲ್ಲಿ ಕೆರೆಯುತ್ತದೆ. ಮುಷ್ಟಿ ಅಲುಗಬಾರದು. ಒಂದು ಕ್ಷಣ ಮೂಗು ಹಿಂದೆ ಹೋದದ್ದೇ ‘ಹೂಂ’ ಎಂದು ಅಂಗೈ ಬಿಚ್ಚಿ ತಿನ್ನಲು ಬಿಡಿ. ಸಾಮಾನ್ಯವಾಗಿ ಹತ್ತು ಹದಿನೈದು ಸಲದಲ್ಲಿ ಮರಿ ಮುಷ್ಟಿ ಕಂಡರೆ ಹಿಂದೆ ಸರಿಯಲು ಶುರುಮಾಡುತ್ತದೆ. ಆಮೇಲೆ ಕಾಯುವ ಹೊತ್ತನ್ನು ಒಂದು ಸೆಕೆಂಡಿನಿಂದ ಎರಡು, ಮೂರು, ಐದಕ್ಕೆ ಏರಿಸಿ. ಕಾಳನ್ನು ಬೆರಳ ತುದಿಯಲ್ಲಿ ಚಿವುಟಿ ಹಿಡಿದು ಕೊಡಬೇಡಿ. ಸಣ್ಣ ಬಾಯಿಗೆ ಕಾಳು ಎಲ್ಲಿ ಮುಗಿಯುತ್ತದೆ, ಉಗುರು ಎಲ್ಲಿ ಶುರುವಾಗುತ್ತದೆ ತಿಳಿಯುವುದಿಲ್ಲ. ಕುದುರೆಗೆ ಬೆಲ್ಲ ಕೊಡುವಂತೆ ಚಪ್ಪಟೆ ಅಂಗೈ ಮೇಲೆ ಕೊಡಿ.

ಈ ಕಾಳುಗಳು ಎಲ್ಲಿಂದ ಬರಬೇಕು? ದಿನದ ಊಟದಿಂದಲೇ. ದಿನಕ್ಕೆ 60 ಗ್ರಾಂ ಒಣ ಆಹಾರ ತಿನ್ನುವ ಮರಿಯಾದರೆ ಬೆಳಿಗ್ಗೆಯೇ 15 ಗ್ರಾಂ ತೆಗೆದು ಡಬ್ಬಿಯಲ್ಲಿಡಿ, ಅದೇ ಪಾಠದ ಬಂಡವಾಳ. ಬೇಯಿಸಿದ ಕೋಳಿಯೋ ಪನೀರೋ ಕೊಡುವುದಿದ್ದರೆ ಅರ್ಧ ಕಡಲೆಕಾಳಿನಷ್ಟು ಚೂರು ಸಾಕು. ಇಂಥ ತಿಂಡಿಗಳೆಲ್ಲ ಸೇರಿ ದಿನದ ಆಹಾರದ ಹತ್ತನೇ ಒಂದು ಭಾಗ ಮೀರಬಾರದು. ಆದರೆ ‘ಹಸಿದಿದ್ದರೆ ಚೆನ್ನಾಗಿ ಕಲಿಯುತ್ತೆ’ ಎಂದು ಊಟ ತಪ್ಪಿಸುವುದು ಸಣ್ಣ ತಳಿಗೆ ಅಪಾಯ. ನಾಲ್ಕು ತಿಂಗಳೊಳಗಿನ ಪೊಮೇರಿಯನ್, ಚಿವಾವಾ ಮರಿಗಳಿಗೆ ದೇಹದಲ್ಲಿ ದಾಸ್ತಾನು ಇರುವುದಿಲ್ಲ, ಕೆಲವು ಗಂಟೆ ಹೊಟ್ಟೆ ಖಾಲಿಯಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ತೂರಾಡುವುದು, ನಡುಗುವುದು, ಎಬ್ಬಿಸಿದರೂ ಏಳದ ಮಂಪರು ಅದರ ಗುರುತು. ಹಾಗಾದರೆ ವಸಡಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಸವರಿ ತಕ್ಷಣ ಡಾಕ್ಟರ್ ಬಳಿ ಓಡಬೇಕು. ದಿನಕ್ಕೆ ನಾಲ್ಕು ಊಟ ಕಡ್ಡಾಯ.

ಹಸಿವಿನಷ್ಟೇ ದೊಡ್ಡ ಕಾರಣ ನಿದ್ದೆ. ಎರಡು ತಿಂಗಳ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ನಮ್ಮ ಮನೆಗಳಲ್ಲಿ ಅದಕ್ಕೆ ಬಿಡುವವರು ಯಾರು? ಮಕ್ಕಳು ಶಾಲೆಯಿಂದ ಬಂದರು, ಪಕ್ಕದ ಮನೆಯವರು ನೋಡಲು ಬಂದರು, ಟಿವಿ ಹಾಕಿದರು, ಅಪ್ಪ ಆಫೀಸಿನಿಂದ ಬಂದರು. ಸಂಜೆ ಏಳರಿಂದ ಒಂಬತ್ತರ ನಡುವೆ ಮರಿ ಹುಚ್ಚೆದ್ದಂತೆ ಓಡಿ ಸಿಕ್ಕವರ ಕಾಲು ಕಚ್ಚುತ್ತದೆ. ‘ಇನ್ನೂ ಎಷ್ಟು ಎನರ್ಜಿ ನೋಡಿ, ಇನ್ನಷ್ಟು ಆಡಿಸಿ ಸುಸ್ತು ಮಾಡೋಣ’ ಎನ್ನುತ್ತಾರೆ. ಅದು ಶಕ್ತಿಯಲ್ಲ, ನಿದ್ದೆಗೆಟ್ಟ ಮಗುವಿನ ರಂಪ. ಒಂದು ಗಂಟೆ ಎಚ್ಚರ ಇದ್ದರೆ ಸುಮಾರು ಎರಡು ಗಂಟೆ ನಿದ್ದೆ ಎಂಬ ಅಂದಾಜಿಟ್ಟುಕೊಳ್ಳಿ. ಅರೆಗತ್ತಲಿನ ಮೂಲೆಯಲ್ಲಿ ಕ್ರೇಟೋ ಬುಟ್ಟಿಯೋ ಇಟ್ಟು, ಅಗಿಯಲು ಏನಾದರೂ ಕೊಟ್ಟು ಬಿಟ್ಟುಬಿಡಿ. ಒಂದು ವಾರ ಚೀಟಿಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಕಚ್ಚಿತು, ಯಾರನ್ನು, ಅದಕ್ಕೂ ಮೊದಲು ಎಷ್ಟು ಹೊತ್ತು ಎಚ್ಚರವಿತ್ತು. ಅರ್ಧಕ್ಕರ್ಧ ಕಚ್ಚು ದಿನದ ಒಂದೆರಡು ಗಂಟೆಗಳಲ್ಲೇ ಗುಂಪಾಗಿದ್ದರೆ ಆ ಹೊತ್ತಿಗೆ ಬೇಕಿರುವುದು ಪಾಠವಲ್ಲ, ಹಾಸಿಗೆ.

ಇನ್ನು ಆಟಿಕೆ. ಕೈ ಬದಲು ಆಟಿಕೆ ಕೊಡಿ ಎಂದು ಎಲ್ಲರೂ ಹೇಳುತ್ತಾರೆ, ಯಾವಾಗ ಕೊಡಬೇಕು ಎಂದು ಹೇಳುವವರು ಕಡಿಮೆ. ಕಚ್ಚಿದ ಮರುಕ್ಷಣ ಆಟಿಕೆ ತೋರಿಸಿದರೆ ಕಚ್ಚಿದ್ದಕ್ಕೆ ಆಟಿಕೆ ಬಂತು ಎಂದಾಗುತ್ತದೆ. ಒಂದೋ ಕಚ್ಚುವ ಮುಂಚೆ, ಅಂದರೆ ಮರಿ ಕಣ್ಣರಳಿಸಿ ಹಿಂಬದಿ ಅಲ್ಲಾಡಿಸಿ ನೆಗೆಯಲು ತಯಾರಾಗುವ ಆ ಅರೆಗಳಿಗೆಯಲ್ಲಿ ಕೊಡಿ. ಇಲ್ಲವೇ ಕಚ್ಚಿದ ಮೇಲೆ ನಿಂತು, ಅದರ ನಾಲ್ಕೂ ಕಾಲು ನೆಲದ ಮೇಲಿದ್ದು ಬಾಯಿ ಖಾಲಿಯಿರುವಾಗ ಮೂರು ಎಣಿಸಿ ಕೊಡಿ. ಜಗ್ಗಾಟದ ಆಟಿಕೆ ಎರಡು ಅಡಿಗಿಂತ ಉದ್ದವಿರಲಿ. ಅಂಗಡಿಯಲ್ಲಿ ಸಣ್ಣ ನಾಯಿಗೆ ಎಂದು ಬೆರಳುದ್ದದ ಗೊಂಬೆ ಮಾರುತ್ತಾರೆ, ಅದನ್ನು ಹಿಡಿದರೆ ಮರಿಯ ಬಾಯಿಗೂ ನಿಮ್ಮ ಬೆರಳಿಗೂ ಒಂದಂಗುಲ ಅಂತರ. ಹಳೆಯ ಪಂಚೆಯ ಅಂಚನ್ನು ಜಡೆಯಂತೆ ಹೆಣೆದು ತುದಿಗೆ ಗಂಟು ಹಾಕಿದರೆ ಅದಕ್ಕಿಂತ ಒಳ್ಳೆಯ ಆಟಿಕೆ. ನೆಲದ ಮೇಲೆ ಹಾವಿನಂತೆ ಹರಿಸಿ, ಮೇಲಕ್ಕೆತ್ತಿ ನೆಗೆಸಬೇಡಿ. ಎಳೆಯುವಾಗ ತಲೆ ಮೇಲೆತ್ತದೆ ಅಡ್ಡಡ್ಡ ಆಡಿಸಿ.

ಸೀರೆಯ ನೆರಿಗೆ, ದುಪಟ್ಟಾ, ಪಂಚೆಯ ಚುಂಗು, ಗೆಜ್ಜೆ: ಇವೆಲ್ಲ ಮರಿಯ ಎತ್ತರದಲ್ಲೇ ಅಲುಗುವ ಬೇಟೆಗಳು. ಹಿಡಿದರೆ ನಿಂತುಬಿಡಿ. ಒಂದು ಹೆಜ್ಜೆಯೂ ಬೇಡ, ಬಿಡಿಸಲು ಕೈಯೂ ಬೇಡ. ಬಟ್ಟೆ ಅಲುಗದಿದ್ದರೆ ಐದಾರು ಸೆಕೆಂಡಿನಲ್ಲಿ ಬಾಯಿ ಬಿಡುತ್ತದೆ. ಬಿಟ್ಟ ತಕ್ಷಣ ಒಂದು ಕಾಳನ್ನು ನಿಮ್ಮಿಂದ ದೂರಕ್ಕೆ ಉರುಳಿಸಿ. ಮೊದಲ ಎರಡು ತಿಂಗಳು ಮನೆಯಲ್ಲಿ ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡರೆ ಈ ಜಗಳವೇ ಇರುವುದಿಲ್ಲ, ರೇಷ್ಮೆಯೂ ಉಳಿಯುತ್ತದೆ.

ಈಗ ಹೇಳಲಿರುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಏಕೆಂದರೆ ಸಣ್ಣ ನಾಯಿಗಳು ಕಚ್ಚುಗುಳಿಗಳಾಗುವುದಕ್ಕೆ ಹಲ್ಲಿಗಿಂತ ದೊಡ್ಡ ಕಾರಣ ಇದು: ಅವನ್ನು ಎತ್ತುವ ರೀತಿ. ನಿಮ್ಮನ್ನು ಯಾರಾದರೂ ದಿನಕ್ಕೆ ಮೂವತ್ತು ಸಲ, ಹೇಳದೆ ಕೇಳದೆ, ಹಿಂದಿನಿಂದ ಬಂದು ಕಂಕುಳಿಗೆ ಕೈ ಹಾಕಿ ಮೂರನೇ ಮಹಡಿಯ ಎತ್ತರಕ್ಕೆ ಏರಿಸಿದರೆ ಹೇಗಿರುತ್ತದೆ? ಮರಿ ಮೊದಲು ತಲೆ ತಿರುಗಿಸುತ್ತದೆ. ನಾಲಿಗೆಯಿಂದ ಮೂಗು ನೆಕ್ಕಿಕೊಳ್ಳುತ್ತದೆ. ಮೈ ಹಿಂದಕ್ಕೆ ವಾಲಿಸುತ್ತದೆ, ಸುಮ್ಮನೆ ಆಕಳಿಸುತ್ತದೆ. ಮೈ ಸೆಟೆಸಿ ಕಣ್ಣಂಚಿನ ಬಿಳಿ ತೋರಿಸುತ್ತದೆ. ಆಮೇಲೆ ಗುರ್ ಎನ್ನುತ್ತದೆ. ದೊಡ್ಡ ನಾಯಿ ಗುರ್ ಎಂದರೆ ನಾವು ಹಿಂದೆ ಸರಿಯುತ್ತೇವೆ. ಸಣ್ಣದು ಅಂದರೆ ‘ಅಯ್ಯೋ ನನ್ ಕಂದಾ, ಕೋಪ ನೋಡು’ ಎಂದು ಎತ್ತಿಯೇ ಎತ್ತುತ್ತೇವೆ. ಐದು ಭಾಷೆಯಲ್ಲಿ ಬೇಡ ಎಂದರೂ ಕೇಳದಿದ್ದರೆ ಆರನೆಯದಕ್ಕೆ ಹಲ್ಲೇ ಉಳಿಯುವುದು. ಕಚ್ಚಿದ ಕೂಡಲೇ ಕೆಳಗಿಳಿಸುತ್ತೇವೆ. ಆ ಕ್ಷಣ ಮರಿ ಪಕ್ಕಾ ಕಲಿಯುತ್ತದೆ: ಉಳಿದ ಐದು ದಂಡ, ಆರನೆಯದು ಕೆಲಸ ಮಾಡುತ್ತದೆ.

ಆದ್ದರಿಂದ ಎತ್ತುವುದನ್ನೇ ಪಾಠವಾಗಿ ಮಾಡಿ. ಮೊದಲ ಎರಡು ದಿನ ‘ಎತ್ತಲಾ?’ ಎಂದು ಹೇಳಿ, ಪಕ್ಕದಿಂದ ಕೈ ತಂದು ಎದೆ ಮುಟ್ಟಿ, ಒಂದು ಕಾಳು ಕೊಟ್ಟು ಕೈ ತೆಗೆಯಿರಿ. ಹತ್ತು ಸಲ. ಎತ್ತಬೇಡಿ. ಮೂರನೆಯ ದಿನ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇಟ್ಟು ಕಾಳು ಕೊಡಿ. ಇಲ್ಲಿ ಇನ್ನೊಬ್ಬರ ಕೈ ಬೇಕಾಗುತ್ತದೆ, ಇಲ್ಲದಿದ್ದರೆ ಕಾಳನ್ನು ಮೊದಲೇ ಚಾಪೆಯ ಮೇಲೆ ಹಾಕಿ. ಐದನೆಯ ದಿನ ನೆಲದಿಂದ ಎರಡಂಗುಲ ಎತ್ತಿ ಇಳಿಸಿ. ಆಮೇಲೆ ಮಂಡಿಯ ಎತ್ತರ, ಆಮೇಲೆ ಎದೆಗೆ. ಮಾತು ಮಾತ್ರ ಪ್ರತಿ ಸಲ ಮೊದಲು ಬರಬೇಕು, ಎತ್ತಿದ ಮೇಲೆ ಹೇಳಿದರೆ ಏನು ಉಪಯೋಗ? ಮರಿ ಹಿಂದೆ ಸರಿದರೆ ಆ ಸಲಕ್ಕೆ ಬಿಟ್ಟುಬಿಡಿ, ಮೂರ್ನಾಲ್ಕು ಸಲ ಬಿಟ್ಟರೆ ಅದೇ ಹತ್ತಿರ ಬರಲು ಶುರುಮಾಡುತ್ತದೆ. ಇಳಿಸುವಾಗ ನಾಲ್ಕೂ ಕಾಲು ನೆಲಕ್ಕೆ ತಾಗಿದ ಮೇಲೆ ಕೈ ತೆಗೆಯಿರಿ. ಡ್ಯಾಶ್‌ಹುಂಡ್ ಆದರೆ ಬೆನ್ನು ನೆಲಕ್ಕೆ ಸಮನಾಗಿಯೇ ಇರಬೇಕು. ಕಂಕುಳಿಗೆ ಕೈ ಹಾಕಿ ಜೋತಾಡಿಸಿದರೆ ಆ ಉದ್ದ ಬೆನ್ನುಹುರಿಗೆ ಪೆಟ್ಟು.

ಶಿಟ್ಜು ತಂದವರು ಇದೇ ಕ್ರಮವನ್ನು ಬಾಚಣಿಗೆಗೂ ಅನ್ವಯಿಸಿ. ಅದರ ಕೂದಲು ಬೆಳೆಯುತ್ತಲೇ ಇರುತ್ತದೆ, ಬಾಚುವುದು ಜೀವಮಾನದ ಕೆಲಸ. ಒಂದು ಸಲಕ್ಕೆ ಐದು ಸೆಕೆಂಡು, ಬೆನ್ನಿನಿಂದ ಶುರು, ಕಿವಿ ಮತ್ತು ಪಾದ ಕೊನೆಗೆ. ಗಂಟು ಬಿದ್ದ ಕೂದಲನ್ನು ಜಗ್ಗಿದ ದಿನ ಮರಿ ಬಾಚಣಿಗೆಯನ್ನಲ್ಲ, ಬಾಚಣಿಗೆ ಹಿಡಿದ ಕೈಯನ್ನು ನೆನಪಿಟ್ಟುಕೊಳ್ಳುತ್ತದೆ. ಪಗ್ ಸಾಕುವವರು ಆಟದ ಪಾಠವನ್ನು ಬೆಳಿಗ್ಗೆ, ಸಂಜೆಯ ತಂಪಿನಲ್ಲಿ ಇಟ್ಟುಕೊಳ್ಳಿ. ಮೂಗು ಚಪ್ಪಟೆಯಾದ್ದರಿಂದ ಏದುಸಿರಿನಿಂದ ಮೈ ತಂಪಾಗುವುದು ಅದಕ್ಕೆ ಕಷ್ಟ. ಏದುಸಿರು ಗೊರಗೊರ ಆದರೆ ಆಟ ಬಂದ್.

ಏನು ಮಾಡಬಾರದು ಎಂಬುದರಲ್ಲಿ ನನಗೆ ರಾಜಿ ಇಲ್ಲ. ಮೂಗಿನ ಮೇಲೆ ಬೆರಳಿನಿಂದ ಹೊಡೆಯುವುದು, ಬಾಯಿ ಅದುಮಿ ಹಿಡಿಯುವುದು, ಬೆನ್ನ ಮೇಲೆ ಮಲಗಿಸಿ ಒತ್ತಿ ಹಿಡಿದು ‘ಯಜಮಾನ ಯಾರು’ ಎಂದು ತೋರಿಸುವುದು, ಪೇಪರ್ ಸುರುಳಿ ಬೀಸುವುದು, ಕೈಗೆ ಖಾರದ ಪುಡಿ ಹಚ್ಚಿಕೊಳ್ಳುವುದು. ಕೊನೆಯದನ್ನು ನಮ್ಮ ಮನೆಗಳಲ್ಲಿ ಬಹಳ ಜನ ಹೇಳಿಕೊಡುತ್ತಾರೆ. ಆ ಖಾರ ಮರಿಯ ಕಣ್ಣಿಗೂ ಹೋಗುತ್ತದೆ, ಅಷ್ಟು ಹೊತ್ತಿಗೆ ನೀವು ಮರೆತು ಸ್ವಂತ ಕಣ್ಣನ್ನೂ ಉಜ್ಜಿಕೊಂಡಿರುತ್ತೀರಿ. ಪಗ್‌ನ ಬಾಯಿ ಅದುಮಿದರೆ ಉಸಿರೇ ಕಟ್ಟುತ್ತದೆ. ಇವುಗಳಿಂದ ಕಚ್ಚುವುದು ಆ ಕ್ಷಣ ನಿಲ್ಲಬಹುದು, ಆದರೆ ಕೈ ಅಂದರೆ ನೋವು ಎಂಬ ಪಾಠ ಉಳಿದುಬಿಡುತ್ತದೆ. ಗುರ್ ಎಂದದ್ದಕ್ಕೆ ಬೈಯುವುದೂ ಇದೇ ಸಾಲಿನದು. ಬೈಸಿಕೊಂಡ ಮರಿ ಗುರ್ ಎನ್ನುವುದನ್ನು ಬಿಡುತ್ತದೆ, ಕಚ್ಚುವುದನ್ನಲ್ಲ. ಗಂಟೆ ತೆಗೆದುಹಾಕಿದ ಸೈಕಲ್ಲಿನಂತಾಗುತ್ತದೆ.

ಮನೆಯವರೆಲ್ಲ ಒಂದೇ ಮಾತು, ಒಂದೇ ನಡೆ ಇಟ್ಟುಕೊಳ್ಳಬೇಕು. ಅಮ್ಮ ‘ಸಾಕು’, ಮಗ ‘ನೋ’, ಅಜ್ಜಿ ‘ಛೀ ಹೋಗತ್ಲಾಗೆ’ ಎಂದರೆ ಮರಿಗೆ ಮೂರೂ ಸದ್ದು. ಅದಕ್ಕಿಂತ ಕಷ್ಟ, ನಾಲ್ವರು ಆಟ ನಿಲ್ಲಿಸಿ ಒಬ್ಬ ಅಣ್ಣ ಮಾತ್ರ ಕೈಗವಸು ಹಾಕಿಕೊಂಡು ಕಚ್ಚಾಟ ಆಡಿಸುವುದು. ಇಸ್ಪೀಟಿನಲ್ಲಿ ಹತ್ತಕ್ಕೊಂದು ಸಲ ಗೆದ್ದವನು ಎದ್ದು ಹೋಗುತ್ತಾನೆಯೇ? ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ಮಾತು ಯಾವುದು, ಎಷ್ಟು ಸೆಕೆಂಡು, ಎತ್ತುವ ಮುಂಚೆ ಏನು ಹೇಳಬೇಕು.

ಮಕ್ಕಳಿರುವ ಮನೆಯಲ್ಲಿ, ಐದಾರು ವರ್ಷದೊಳಗಿನ ಮಗುವನ್ನೂ ಮರಿಯನ್ನೂ ಒಂದು ಕೋಣೆಯಲ್ಲಿ ಬಿಟ್ಟು ಅಡುಗೆಮನೆಗೆ ಹೋಗಬಾರದು. ಮಗು ಕಿರುಚುತ್ತಾ ಓಡಿದರೆ ಮರಿಗೆ ಅದಕ್ಕಿಂತ ಮಜಾ ಆಟ ಇಲ್ಲ. ಮಗುವಿಗೆ ‘ಮರ ಆಗು’ ಎಂದು ಕಲಿಸಿ: ಕೈ ಕಟ್ಟಿ, ಬೇರು ಬಿಟ್ಟಂತೆ ನಿಂತು, ಆಕಾಶ ನೋಡುವುದು. ಮರವನ್ನು ಕಚ್ಚಿ ಮರಿಗೆ ಬೇಗ ಬೇಸರವಾಗುತ್ತದೆ. ಮಗು ಕೂತಿರುವಾಗ ಮಾತ್ರ ಮರಿ ಮಡಿಲಿಗೆ, ಎತ್ತಿಕೊಂಡು ಓಡಾಡುವುದು ಇಲ್ಲ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆಗಳಿಗೆ ಬರುತ್ತೇನೆ.

ಕಚ್ಚಿದಾಗ ಮರಿಯಂತೆ ಕುಂಯ್ ಎಂದು ಕೂಗಬೇಕು ಎನ್ನುತ್ತಾರಲ್ಲ, ನಮ್ಮದು ಕೂಗಿದರೆ ಇನ್ನೂ ಜೋರಾಗಿ ಕಚ್ಚುತ್ತದೆ ಎಂದು ಒಬ್ಬರು ಕೇಳಿದರು. ಕೆಲವು ಮರಿ ಆ ಕೂಗಿಗೆ ನಿಲ್ಲುತ್ತವೆ, ಇನ್ನು ಕೆಲವಕ್ಕೆ ಅದು ಕೀಂಯ್ ಎನ್ನುವ ಆಟಿಕೆಯ ಸದ್ದು. ಡ್ಯಾಶ್‌ಹುಂಡ್, ಟೆರಿಯರ್ ಜಾತಿಗಳನ್ನು ಬೆಳೆಸಿದ್ದೇ ಬಿಲದೊಳಗಿನ ಪ್ರಾಣಿ ಹಿಡಿಯಲು, ಕಿರುಚುವ ವಸ್ತು ಅವಕ್ಕೆ ಆಹ್ವಾನ. ಎರಡು ಸಲ ಮಾಡಿ ನೋಡಿ, ಹೆಚ್ಚಾದರೆ ಬಿಡಿ. ಮಾಮೂಲಿ ದನಿಯ ‘ಸಾಕು’ ಎಲ್ಲಕ್ಕೂ ಸಲ್ಲುತ್ತದೆ.

ಹಲ್ಲು ಬರುವಾಗ ಏನು ಕೊಡಬೇಕು? ಒದ್ದೆ ಬಟ್ಟೆಯನ್ನು ಹಿಂಡಿ ತಿರುಚಿ ಎರಡು ಗಂಟೆ ಫ್ರೀಜರಿನಲ್ಲಿಟ್ಟು ಕೊಡಿ, ಎದುರು ಕುಳಿತಿರಿ. ದಪ್ಪ ಇಡೀ ಕ್ಯಾರೆಟ್ ತಣ್ಣಗೆ ಮಾಡಿ ಕೊಡಬಹುದು, ಬೆರಳುದ್ದಕ್ಕೆ ಇಳಿದಾಗ ವಾಪಸ್ ತೆಗೆದುಕೊಳ್ಳಿ. ಬೇಯಿಸಿದ ಮೂಳೆ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಜಿಂಕೆ ಕೊಂಬು, ಕಲ್ಲಿನಂಥ ಮೂಳೆ ಬೇಡ. ಹೆಬ್ಬೆರಳ ಉಗುರಿನಿಂದ ಒತ್ತಿದರೆ ಗುರುತು ಮೂಡದ ವಸ್ತು ಮರಿಯ ಹಲ್ಲಿಗೆ ಅತಿ ಗಟ್ಟಿ. ಕಸಿದುಕೊಳ್ಳುವ ಬದಲು ವಿನಿಮಯ ಮಾಡಿ: ಮೂಗಿನ ಬಳಿ ಕೋಳಿ ಚೂರು ಹಿಡಿದು, ಬಾಯಿ ಬಿಟ್ಟಾಗ ‘ಬಿಡು’ ಎಂದು ಹೇಳಿ, ಚೂರು ಕೊಟ್ಟು, ಸಾಧ್ಯವಿದ್ದರೆ ಆ ವಸ್ತುವನ್ನೂ ಮರಳಿ ಕೊಡಿ.

ಆರು ತಿಂಗಳಾದರೂ ಕೋರೆಹಲ್ಲು ಎರಡೆರಡು ಸಾಲಿನಲ್ಲಿವೆ, ಇದು ಸರಿಯೇ ಎಂದು ಇನ್ನೊಬ್ಬರು ಕೇಳಿದರು. ಸರಿಯಲ್ಲ, ಆದರೆ ಸಣ್ಣ ತಳಿಗಳಲ್ಲಿ ಬಹಳ ಸಾಮಾನ್ಯ. 42 ಹೊಸ ಹಲ್ಲು ಬರುವ ಹೊತ್ತಿಗೆ ಹಳೆಯದು ಬೀಳಬೇಕು. ಹಾಲಿನ ಕೋರೆ ಬೀಳದೆ ಹೊಸದು ಪಕ್ಕದಲ್ಲೇ ಬಂದರೆ ನಡುವೆ ಕೂದಲು, ಆಹಾರ ಸಿಕ್ಕಿ ವಸಡು ಕೆಡುತ್ತದೆ, ನೋವಿರುವ ಬಾಯಿ ಮುಟ್ಟಿದರೆ ಕಚ್ಚುತ್ತದೆ. ಕೈಯಿಂದ ಅಲ್ಲಾಡಿಸಿ ಕೀಳಬೇಡಿ, ಬೇರು ಒಳಗೆ ಮುರಿಯುತ್ತದೆ. ಡಾಕ್ಟರ್ ಅರಿವಳಿಕೆ ಕೊಟ್ಟು ತೆಗೆಯುತ್ತಾರೆ, ಸಂತಾನಹರಣ ಶಸ್ತ್ರಚಿಕಿತ್ಸೆಯ ದಿನವೇ ಮಾಡಿಸಿದರೆ ಒಂದೇ ಅರಿವಳಿಕೆಯಲ್ಲಿ ಎರಡೂ ಮುಗಿಯುತ್ತದೆ. ಹಾಗೆಯೇ, ಎತ್ತಿದರೆ ಮಾತ್ರ ಕಿರುಚಿ ಕಚ್ಚುವ ಪೊಮೇರಿಯನ್ನಿನ ಮಂಡಿಚಿಪ್ಪು ಜಾರುತ್ತಿದೆಯೇ, ತಲೆ ಮುಟ್ಟಿದರೆ ಕಚ್ಚುವ ಶಿಟ್ಜುವಿನ ಕಿವಿಯೊಳಗೆ ಸೋಂಕಿದೆಯೇ ಎಂದು ಮೊದಲು ತೋರಿಸಿ. ತಟ್ಟೆಯ ಬಳಿ ಮೈ ಸೆಟೆಸಿ ನಿಲ್ಲುವುದು, ಎಚ್ಚರಿಕೆ ಕೊಡದೆ ಒಂದೇ ಕಡೆ ಮತ್ತೆ ಮತ್ತೆ ಆಳವಾಗಿ ಕಚ್ಚುವುದು ಆಟವಲ್ಲ. ಅಂಥದ್ದಕ್ಕೆ ಪಶುವೈದ್ಯರನ್ನು ಕಂಡು, ಅವರ ಮೂಲಕ ನಡವಳಿಕೆ ಬಲ್ಲವರ ಬಳಿ ಹೋಗಿ.

ಕೊನೆಯ ಪ್ರಶ್ನೆ: ‘ಎರಡು ತಿಂಗಳ ಮನೆ ಮರಿ, ಆಟದಲ್ಲಿ ಹಲ್ಲು ತಾಗಿ ಒಂದು ಹನಿ ರಕ್ತ ಬಂತು, ಇಂಜೆಕ್ಷನ್ ಬೇಕಾ?’ ಮರಿ ಅಲ್ಲವೇ ಎಂದು ತಳ್ಳಿಹಾಕಬೇಡಿ. ರೇಬೀಸ್ ಲಸಿಕೆ ಮರಿಗೆ ಹಾಕುವುದು ಸಾಮಾನ್ಯವಾಗಿ ಮೂರು ತಿಂಗಳಿಗೆ, ಅಲ್ಲಿಯವರೆಗೆ ಅದಕ್ಕೆ ರಕ್ಷಣೆ ಇಲ್ಲ, ಅದರ ತಾಯಿಗೆ ಹಾಕಿಸಿದ್ದರೋ ಇಲ್ಲವೋ ನಿಮಗೆ ತಿಳಿದಿರುವುದಿಲ್ಲ. ಗಾಯವನ್ನು ಹರಿಯುವ ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಇಲ್ಲದಿದ್ದರೆ ಎರಡೇ ನಿಮಿಷಕ್ಕೆ ನಿಲ್ಲಿಸುತ್ತೀರಿ. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಹಚ್ಚಬೇಡಿ. ಪೊವಿಡೋನ್ ಅಯೋಡಿನ್ ಹಚ್ಚಿ ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮ ಗೀರಿ ರಕ್ತ ಬಾರದಿದ್ದರೂ ಲಸಿಕೆ ಬೇಕು. ರಕ್ತ ಬಂದಿದ್ದರೆ ಅದು ಮೂರನೆಯ ದರ್ಜೆಯ ಗಾಯ, ಲಸಿಕೆಯ ಜೊತೆಗೆ ಗಾಯದೊಳಗೆ ಮತ್ತು ಸುತ್ತ ಇಮ್ಯುನೋಗ್ಲಾಬ್ಯುಲಿನ್ (ತಕ್ಷಣ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕೇ ಎಂದು ಡಾಕ್ಟರ್ ನೋಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆ 0, 3, 7 ಮತ್ತು 28ನೆಯ ದಿನಕ್ಕೆ ಬರುತ್ತದೆ, 0 ಅಂದರೆ ಮೊದಲ ಲಸಿಕೆಯ ದಿನ. ಮೊದಲ ಎರಡು ಹಾಕಿಸಿಕೊಂಡು, ಮರಿ ಚೆನ್ನಾಗೇ ಇದೆಯಲ್ಲ ಎಂದು ಡಾಕ್ಟರನ್ನು ಕೇಳದೆ ನಿಲ್ಲಿಸುವವರೇ ಹೆಚ್ಚು. ನಿಮ್ಮ ಲಸಿಕೆಯ ಚೀಟಿಯನ್ನು ಮರಿಯ ಲಸಿಕೆ ಪುಸ್ತಕದೊಳಗೇ ಇಟ್ಟುಕೊಳ್ಳಿ, ಎರಡರ ತಾರೀಕೂ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ.